ನಾಲ್ಕು ಕೆಲಸದ ಕಾರ್ಡ್‌ಗೆ ಎಷ್ಟು ಬೆಲೆ ಕಟ್ಟಬೇಕು?

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟದಲ್ಲಿ ಹೊಸ ಸೆಟ್ (ಕಾರ್ಡ್‌ಗಳ ಹೊಸ ಕಂತು) ಬಂದಾಗಲೆಲ್ಲ ಆಟಗಾರರು ಕೇಳುವ ಪ್ರಶ್ನೆ ಒಂದೇ: "ಈ ಸ್ಪೆಲ್ ನಾಲ್ಕು ಕೆಲಸ ಮಾಡುತ್ತೆ, ಡೆಕ್‌ಗೆ ಹಾಕಲೇಬೇಕು ಅಲ್ವಾ?" ಸ್ಪೆಲ್ ಅಂದರೆ ಆಟದಲ್ಲಿ ಪ್ರಯೋಗಿಸುವ ಕಾರ್ಡ್, ಡೆಕ್ ಅಂದರೆ ಆಟಕ್ಕೆ ನಾವೇ ಜೋಡಿಸಿಕೊಳ್ಳುವ ಕಾರ್ಡ್ ಕಟ್ಟು. ನಾನು ಮೊದಲು ನೋಡುವುದು ಆ ನಾಲ್ಕರಲ್ಲಿ ತೀರಾ ಸಪ್ಪೆಯಾದ ಸಾಲನ್ನು. ಒಳ್ಳೆಯ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಟ ನಾವು ಅಂದುಕೊಂಡಂತೆ ನಡೆಯದಾಗ ಕೈಯಲ್ಲಿರುವ ಕಾರ್ಡ್ ಏನು ಮಾಡುತ್ತದೆ ಅನ್ನುವುದು ಮುಖ್ಯ.

ಆಯ್ಕೆ ಪುಕ್ಕಟೆ ಬರುವುದಿಲ್ಲ. 2012ರ ಇಜೆಟ್ ಚಾರ್ಮ್ ತಗೊಳ್ಳಿ. ಅದರ ಖರ್ಚು ಒಂದು ನೀಲಿ, ಒಂದು ಕೆಂಪು ಮಾನಾ (ಕಾರ್ಡ್ ಹಾಕಲು ತೆರುವ ಶಕ್ತಿ). ಅದರ ಮೂರು ಮೋಡ್‌ಗಳಲ್ಲಿ (ಕೆಲಸದ ಆಯ್ಕೆಗಳಲ್ಲಿ) ಒಂದು, ಕ್ರೀಚರ್‌ಗೆ (ಜೀವಿ ಕಾರ್ಡ್‌ಗೆ) 2 ಡ್ಯಾಮೇಜ್ ಕೊಡುತ್ತದೆ. ಅಷ್ಟೇ ಡ್ಯಾಮೇಜನ್ನು ಶಾಕ್ ಅನ್ನುವ ಕಾರ್ಡ್ ಒಂದೇ ಮಾನಾಗೆ ಕೊಡುತ್ತದೆ, ಎದುರಾಳಿಗೂ ನೇರವಾಗಿ ಹೊಡೆಯುತ್ತದೆ. ಹಾಗಾದರೆ ಚಾರ್ಮ್ ಯಾಕೆ? 2 ಕಾರ್ಡ್ ಎಳೆದು 2 ಎಸೆಯುವ ಮೂರನೇ ಮೋಡ್‌ಗಾಗಿ. ಹೊಡೆಯಲು ಕ್ರೀಚರ್ ಇಲ್ಲ, ಕೌಂಟರ್ ಮಾಡಲು (ತಡೆದು ರದ್ದು ಮಾಡಲು) ಸ್ಪೆಲ್ ಇಲ್ಲ ಅಂದರೂ ಕಾರ್ಡ್ ಕೈಯಲ್ಲಿ ಸುಮ್ನೆ ಕೂರುವುದಿಲ್ಲ.

2007ರ ಲಾರ್ವಿನ್ ಸೆಟ್‌ನ ಕ್ರಿಪ್ಟಿಕ್ ಕಮಾಂಡ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಸ್ಪೆಲ್ ಕೌಂಟರ್ ಮಾಡುವುದು, ಒಂದು ಪರ್ಮನೆಂಟನ್ನು (ಮೇಜಿನ ಮೇಲೆ ಉಳಿಯುವ ಕಾರ್ಡನ್ನು) ಅದರ ಒಡೆಯನ ಕೈಗೆ ವಾಪಸ್ ಕಳಿಸುವುದು, ಎದುರಾಳಿಯ ಕ್ರೀಚರ್‌ಗಳನ್ನೆಲ್ಲ ಟ್ಯಾಪ್ ಮಾಡುವುದು (ಅಡ್ಡ ತಿರುಗಿಸಿ, ದಾಳಿಗೂ ತಡೆಗೂ ಬಾರದಂತೆ ಮಾಡುವುದು), ಒಂದು ಕಾರ್ಡ್ ಎಳೆಯುವುದು: ಈ ನಾಲ್ಕರಲ್ಲಿ ಎರಡು. ಒಟ್ಟು 6 ಜೋಡಿ. ಇಲ್ಲಿ ಸಪ್ಪೆ ಸಾಲು "ಒಂದು ಕಾರ್ಡ್ ಎಳೆಯಿರಿ". ನನ್ನ ಪ್ರಕಾರ ಕಾರ್ಡಿನ ಜೀವ ಇರುವುದೇ ಅದರಲ್ಲಿ. ಉಳಿದ ಯಾವ ಕೆಲಸದ ಜೊತೆ ಸೇರಿಸಿದರೂ ಕಮಾಂಡ್ ತನ್ನ ಜಾಗಕ್ಕೆ ಇನ್ನೊಂದು ಕಾರ್ಡ್ ತಂದಿಟ್ಟು ಹೋಗುತ್ತದೆ.

ಜೋಡಿ ಆರಿಸುವಾಗ ಟಾರ್ಗೆಟ್ (ಸ್ಪೆಲ್‌ನ ಗುರಿ) ಕಡೆ ಗಮನ ಇರಲಿ. ಮೋಡ್‌ಗಳನ್ನು ಸ್ಪೆಲ್ ಹಾಕುವಾಗಲೇ ಹೇಳಬೇಕು, ಆಮೇಲೆ ಬದಲಿಸುವಂತಿಲ್ಲ. ವಾಪಸ್ ಕಳಿಸುವುದು, ಕಾರ್ಡ್ ಎಳೆಯುವುದು ಎಂದು ಆರಿಸಿದಿರಿ ಅನ್ನಿ. ಟಾರ್ಗೆಟ್ ಮಾಡಿದ ಪರ್ಮನೆಂಟನ್ನು ಎದುರಾಳಿ ಅಷ್ಟರಲ್ಲಿ ಸ್ಯಾಕ್ರಿಫೈಸ್ ಮಾಡಿದರೆ (ತಾನೇ ಬಲಿ ಕೊಟ್ಟರೆ) ಇದ್ದ ಒಂದೇ ಟಾರ್ಗೆಟ್ ಹೋಯಿತು, ಇಡೀ ಸ್ಪೆಲ್ ದಂಡ. ಕಾರ್ಡೂ ಸಿಗುವುದಿಲ್ಲ! ಟ್ಯಾಪ್ ಮತ್ತು ಡ್ರಾ (ಕಾರ್ಡ್ ಎಳೆಯುವ) ಜೋಡಿಗೆ ಈ ಭಯವಿಲ್ಲ, ಎರಡಕ್ಕೂ ಟಾರ್ಗೆಟ್ಟೇ ಇಲ್ಲ.

ಇನ್ನು ಇದರ ಖರ್ಚು. 4 ಮಾನಾ, ಅದರಲ್ಲಿ 3 ನೀಲಿ. ಮೂರು ಬಣ್ಣದ ಡೆಕ್‌ನಲ್ಲಿ ಇದನ್ನು ನಾಲ್ಕನೇ ಟರ್ನ್‌ಗೆ ಹಾಕಬಹುದು ಅಂತ ನೆಚ್ಚಿಕೊಳ್ಳಬೇಡಿ. ವೇಗದ ಡೆಕ್ ಎದುರು ಅಷ್ಟು ಹೊತ್ತು ಕಾಯುವುದೂ ಕಷ್ಟವೇ.

2015ರ ಕೋಲಗನ್ಸ್ ಕಮಾಂಡ್‌ನ ಲಾಭ ಬೇರೆ ಥರ. ಆರ್ಟಿಫ್ಯಾಕ್ಟ್ (ಯಂತ್ರ, ಆಯುಧದಂಥ ವಸ್ತುಗಳ ಕಾರ್ಡ್) ಒಡೆಯುವ ಕಾರ್ಡ್‌ಗಳನ್ನು ಸಾಮಾನ್ಯವಾಗಿ ಸೈಡ್‌ಬೋರ್ಡ್‌ನಲ್ಲಿ (ಗೇಮ್‌ಗಳ ನಡುವೆ ಬದಲಿಸಲು ಪಕ್ಕಕ್ಕಿಟ್ಟ ಕಾರ್ಡ್‌ಗಳಲ್ಲಿ) ಇಡುತ್ತೇವೆ. ಎದುರಿಗೆ ಆರ್ಟಿಫ್ಯಾಕ್ಟ್ ಇಲ್ಲದಿದ್ದರೆ ಅವು ದಂಡ. ಇಲ್ಲಿ ಅದೇ ಕೆಲಸ ಮೊದಲ ಗೇಮ್‌ನಲ್ಲೇ ಕೈಯಲ್ಲಿರುತ್ತದೆ. ಬೇಡವಾದರೆ 2 ಡ್ಯಾಮೇಜ್, ಡಿಸ್ಕಾರ್ಡ್ (ಕೈಯಿಂದ ಕಾರ್ಡ್ ಎಸೆಯುವಂತೆ ಮಾಡುವುದು) ಇದ್ದೇ ಇದೆ. ಗ್ರೇವ್‌ಯಾರ್ಡ್‌ನಿಂದ (ಬಳಸಿ ಮುಗಿದ ಕಾರ್ಡ್‌ಗಳ ರಾಶಿಯಿಂದ) ಕ್ರೀಚರ್ ತರುವ ಸಾಲು ಮಾತ್ರ ನಿಮ್ಮ ಡೆಕ್‌ನಲ್ಲಿ ಕ್ರೀಚರ್ ಇದ್ದರಷ್ಟೇ ಲೆಕ್ಕಕ್ಕೆ. ಇಲ್ಲದಿದ್ದರೆ ನಿಮ್ಮ ಪಾಲಿಗೆ ಅದು ಮೂರೇ ಸಾಲಿನ ಕಾರ್ಡ್.

ಅನುಮಾನ ಇದ್ದರೆ ಅಭ್ಯಾಸದ ಆಟಗಳಲ್ಲಿ ಪ್ರತಿ ಸಲ ಯಾವ ಮೋಡ್ ಬಳಸಿದಿರಿ ಅಂತ ಗುರುತು ಹಾಕಿಕೊಳ್ಳಿ. ಒಂದೇ ಮೋಡ್ ಮತ್ತೆ ಮತ್ತೆ ಬರುತ್ತಿದ್ದರೆ, ಅದೊಂದೇ ಕೆಲಸವನ್ನು ಕಮ್ಮಿ ಮಾನಾಗೆ ಮಾಡುವ ಕಾರ್ಡ್ ಹುಡುಕಿ ಆ ಜಾಗಕ್ಕೆ ಹಾಕಿ.