ಕಮಾಂಡ್ ಹಾಕಿದೆ, ಸ್ಕ್ರೀನ್ ಯಾಕೆ ತಿರುಗಲಿಲ್ಲ?

"ಸರ್, ಎರರ್ ಏನೂ ಬರಲಿಲ್ಲ, ಆದರೂ ಸ್ಕ್ರೀನ್ ತಿರುಗ್ತಾ ಇಲ್ಲ." ಆ್ಯಪ್ ಟೆಸ್ಟಿಂಗ್‌ಗೆ ಹೊಸದಾಗಿ ಬಂದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕೊಡುವ ಟೂಲ್) ಹಾಕಿಕೊಳ್ಳುವುದು, ಅದಕ್ಕೆ ಫೋನ್‌ನಲ್ಲಿ ಅನುಮತಿ ಕೊಡುವ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಡೋಣ.

ಆಂಡ್ರಾಯ್ಡ್‌ನಲ್ಲಿ ಕಮಾಂಡ್ ಕೊಟ್ಟು ಸ್ಕ್ರೀನ್ ತಿರುಗಿಸುವುದಕ್ಕೆ ಎರಡು ಸೆಟ್ಟಿಂಗ್ ಇವೆ. 'ಆಕ್ಸೆಲೆರೋಮೀಟರ್_ರೊಟೇಷನ್' ಅಂದರೆ ನಮ್ಮ ಆಟೋ ರೊಟೇಟ್. ಅದು 1 ಇದ್ದರೆ ಫೋನ್ ಹಿಡಿದ ಹಾಗೆ ಸ್ಕ್ರೀನ್ ತಿರುಗುತ್ತದೆ. 'ಯೂಸರ್_ರೊಟೇಷನ್' ನೀವು ಕೇಳುವ ದಿಕ್ಕು. ಎಲ್ಲರೂ ಎರಡನೆಯದನ್ನು ಮಾತ್ರ ಬದಲಿಸುತ್ತಾರೆ! ಮೊದಲನೆಯದು 0 ಆಗುವ ತನಕ ಸಿಸ್ಟಮ್ ಎರಡನೆಯದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೀವು ಕೊಟ್ಟ ಅಂಕಿ ಸೇವ್ ಆಗಿರುತ್ತದೆ, ಅದಕ್ಕೇ ಎರರ್ ಇಲ್ಲ. ಆದರೆ ಅದು ಸುಮ್ನೆ ಕೂತಿರುತ್ತದೆ, ಅಷ್ಟೇ.

ಹಾಗಾಗಿ ಮೊದಲು 'ಎಡಿಬಿ ಶೆಲ್ ಸೆಟ್ಟಿಂಗ್ಸ್ ಪುಟ್ ಸಿಸ್ಟಮ್ ಆಕ್ಸೆಲೆರೋಮೀಟರ್_ರೊಟೇಷನ್ 0'. ಆಮೇಲೆ ಅದೇ ಸಾಲಿನಲ್ಲಿ ಹೆಸರು ಬದಲಿಸಿ 'ಯೂಸರ್_ರೊಟೇಷನ್ 1'. ಅನುಮಾನ ಬಂದರೆ 'ಪುಟ್' ಜಾಗದಲ್ಲಿ 'ಗೆಟ್' ಹಾಕಿ, ಕೊನೆಯ ಅಂಕಿ ತೆಗೆದು ನೋಡಿ. ಅಷ್ಟು ಮಾಡುವ ತಾಳ್ಮೆ ಯಾರಿಗೂ ಇಲ್ಲ, ಅಲ್ವಾ?

ನಮ್ಮ ತಂಡದ ಹುಡುಗಿಯೊಬ್ಬಳು ಇದನ್ನೆಲ್ಲ ಸರಿಯಾಗಿಯೇ ಮಾಡಿದ್ದಳು. ಆದರೂ 1 ಕೊಟ್ಟರೆ ಸ್ಕ್ರೀನ್ ಉದ್ದಕ್ಕೆ ನಿಲ್ಲುತ್ತಿತ್ತು. ಆ್ಯಪ್‌ನಲ್ಲೇ ಬಗ್ ಇದೆ ಎಂದು ಡೆವಲಪರ್ ಜೊತೆ ದೊಡ್ಡ ಜಗಳ. ಹೋಗಿ ನೋಡಿದರೆ ಅವಳ ಕೈಯಲ್ಲಿದ್ದದ್ದು ಟ್ಯಾಬ್ಲೆಟ್. 0, 1, 2, 3 ಎಂದರೆ ಸಾಧನದ ಮೂಲ ನಿಲುವಿನಿಂದ 0, 90, 180, 270 ಡಿಗ್ರಿ. ಫೋನಿನ ಮೂಲ ನಿಲುವು ಉದ್ದ, ಎಷ್ಟೋ ಟ್ಯಾಬ್ಲೆಟ್‌ಗಳದ್ದು ಅಡ್ಡ. ಜಗಳ ಮಾತ್ರ ಚೆನ್ನಾಗಿ ಆಡುತ್ತಾಳೆ, ಒಳ್ಳೆಯ ಟೆಸ್ಟರ್ ಆಗುತ್ತಾಳೆ.

ಇನ್ನೊಂದು ವಿಷಯ. ಆ್ಯಪ್ ತಾನು ಉದ್ದಕ್ಕೇ ಇರುತ್ತೇನೆ ಎಂದು ಮ್ಯಾನಿಫೆಸ್ಟ್‌ನಲ್ಲಿ (ತನ್ನ ವಿವರ ಸಿಸ್ಟಮ್‌ಗೆ ಹೇಳುವ ಫೈಲ್‌ನಲ್ಲಿ) ಬರೆದುಕೊಂಡಿದ್ದರೆ ಸಾಮಾನ್ಯವಾಗಿ ಅದರ ಮಾತೇ ನಡೆಯುತ್ತದೆ. ಎಷ್ಟೋ ಫೋನ್‌ಗಳ ಹೋಮ್ ಸ್ಕ್ರೀನ್ ಕೂಡ ಹಾಗೇ, ಅಲ್ಲಿ ಪರೀಕ್ಷೆ ಮಾಡಬೇಡಿ. ಆಂಡ್ರಾಯ್ಡ್ 16ರಲ್ಲಿ ಇದು ಸ್ವಲ್ಪ ಬದಲಾಗಿದೆ: ಆ ಆವೃತ್ತಿಗೆಂದೇ ಮಾಡಿದ ಆ್ಯಪ್ ಆದರೆ, ಚಿಕ್ಕ ಬದಿಯೇ 600 ಡಿಪಿ (ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಅಳೆಯುವ ಮಾನ) ಅಥವಾ ಅದಕ್ಕಿಂತ ಹೆಚ್ಚಿರುವ ಸ್ಕ್ರೀನ್‌ಗಳಲ್ಲಿ ಈ ಹಟ ನಡೆಯುವುದಿಲ್ಲ. ಗೇಮ್‌ಗಳಿಗೆ ವಿನಾಯಿತಿ ಇದೆ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರಬಹುದು, ಕೈಯಲ್ಲಿರುವ ಸಾಧನದಲ್ಲೇ ನೋಡಿ ನಿರ್ಧರಿಸಿ.

ಕೆಲಸ ಮುಗಿದ ಮೇಲೆ ಆಟೋ ರೊಟೇಟನ್ನು ಮತ್ತೆ 1 ಮಾಡಿ. ಇಲ್ಲದಿದ್ದರೆ ಮುಂದೆ ಆ ಫೋನ್ ಹಿಡಿದವರು ಸೆನ್ಸರ್ ಕೆಟ್ಟಿದೆ ಎಂದು ಸರ್ವೀಸ್ ಸೆಂಟರ್‌ಗೆ ಕೊಟ್ಟು ಬರುತ್ತಾರೆ.