ಪ್ರೊಬೇಟ್: ರುಜು ಬೇರೆ, ರುಜುವಾತು ಬೇರೆ

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಟೈಪಿಂಗ್ ಅಂಗಡಿ. ಅದರ ಬೋರ್ಡಿನಲ್ಲಿ ಹೀಗಿತ್ತು: ‘ಸೇಲ್ ಡೀಡ್, ಗಿಫ್ಟ್ ಡೀಡ್, ವಿಲ್, ಪ್ರೊಬೇಟ್ ಮಾಡಿಸಿಕೊಡಲಾಗುವುದು.’ ಮೊದಲ ಮೂರು ಸರಿ. ನಾಲ್ಕನೆಯದು ಆ ಅಂಗಡಿಯಲ್ಲೂ ಸಿಗುವುದಿಲ್ಲ, ಎದುರಿನ ಆಫೀಸಿನಲ್ಲೂ ಸಿಗುವುದಿಲ್ಲ. ಕೊಡುವುದು ಕೋರ್ಟು ಮಾತ್ರ. ಅದೂ ವಿಲ್ ಬರೆದವರು ತೀರಿಕೊಂಡ ಮೇಲೆ.

ಅದೇ ವಾರ ಚಿಕ್ಕಪ್ಪನ ಮಗಳ ಫೋನು. “ಅಣ್ಣ, ಅಪ್ಪ ಗಟ್ಟಿಯಾಗಿರುವಾಗಲೇ ವಿಲ್ ಪ್ರೊಬೇಟ್ ಮಾಡಿಸಿಬಿಡೋಣ ಅಂತಿದ್ದೀವಿ. ಯಾರಾದರೂ ಒಳ್ಳೇ ಲಾಯರ್ ಗೊತ್ತಾ?” ಅವಳ ಮನಸ್ಸಿನಲ್ಲಿದ್ದದ್ದು ರಿಜಿಸ್ಟ್ರೇಷನ್. ಬಾಯಿಗೆ ಬಂದದ್ದು ಪ್ರೊಬೇಟ್. ಈ ಅದಲುಬದಲು ನಾನು ಕೇಳುತ್ತಿರುವುದು ಎಷ್ಟನೇ ಸಲವೋ. ಹಾಗಾಗಿ ಈ ಪದವನ್ನು ಒಮ್ಮೆ ಸರಿಯಾಗಿ ಬಿಡಿಸಿ ಇಡೋಣ.

ಇದರ ಮೂಲ ಲ್ಯಾಟಿನ್ನಿನ ‘ಪ್ರೊಬಾರೆ’. ಪರೀಕ್ಷೆ ಮಾಡಿ ನೋಡು, ಸಾಬೀತು ಮಾಡು ಎಂದು ಅರ್ಥ. ಈ ಬೇರಿನ ಬೇರೆ ಪದಗಳು ನಮ್ಮ ಬಾಯಲ್ಲಿ ದಿನವೂ ಇವೆ. ಬ್ಯಾಂಕಿನವರು ಕೇಳುವ ಅಡ್ರೆಸ್ ಪ್ರೂಫ್‌ನಲ್ಲಿರುವ ‘ಪ್ರೂಫ್’ ಅದೇ. ಲೇಔಟಿಗೆ ಸಿಕ್ಕಿತೋ ಇಲ್ಲವೋ ಎಂದು ಸೈಟ್ ಕೊಳ್ಳುವವರು ವಿಚಾರಿಸುವ ‘ಅಪ್ರೂವಲ್’ ಅದೇ. ಕೆಪಿಎಸ್‌ಸಿ ಪರೀಕ್ಷೆ ಬರೆಯುವವರ ಕನಸಿನ ‘ಪ್ರೊಬೇಷನರ್’ ಕೂಡ ಅದೇ: ಕೆಲಸ ಸಿಕ್ಕಿದೆ, ಆದರೆ ಯೋಗ್ಯತೆ ಇನ್ನೂ ಸಾಬೀತಾಗಬೇಕು. ವಿಲ್ ಕಥೆಯೂ ಹೀಗೆಯೇ. ಬರೆದದ್ದಾಗಿದೆ, ಸಹಿ ಬಿದ್ದಿದೆ. ಸಾಬೀತು ಇನ್ನೂ ಆಗಿಲ್ಲ.

ಕನ್ನಡದಲ್ಲಿ ಇದನ್ನು ಹೇಳಲು ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ನಮ್ಮಲ್ಲಿ ರುಜು ಅಂದರೆ ಸಹಿ. ರುಜುವಾತು ಅಂದರೆ ಸಾಬೀತು. ವಿಲ್ ಮೇಲಿರುವುದು ರುಜು. ಪ್ರೊಬೇಟ್ ಅಂದರೆ ಆ ರುಜುವಿನ ರುಜುವಾತು. ಇವೆರಡರ ನಡುವೆ ಒಂದು ಸಾವು ಇದೆ. ಬದುಕಿರುವವರು ವಿಲ್ ಅನ್ನು ಯಾವಾಗ ಬೇಕಾದರೂ ಹರಿದುಹಾಕಿ ಹೊಸದು ಬರೆಯಬಹುದು. ಕೊನೆಯದು ಯಾವುದು ಎಂದೇ ತೀರ್ಮಾನವಾಗದ ಕಾಗದವನ್ನು ಕೋರ್ಟು ಹೇಗೆ ಸಾಬೀತು ಎನ್ನಬೇಕು?

ರಿಜಿಸ್ಟರ್ ಆಗಿದೆಯಲ್ಲ, ಸೀಲ್ ಇದೆಯಲ್ಲ ಅನ್ನುತ್ತೀರಿ. ವಿಲ್ ರಿಜಿಸ್ಟರ್ ಮಾಡಿಸುವುದು ಕಡ್ಡಾಯವೇ ಅಲ್ಲ. ಮಾಡಿಸಿದರೆ ಒಳ್ಳೆಯದು, ಕಾಗದ ಕಳೆದುಹೋಗುವ, ಬದಲಾಗುವ ಭಯ ಇರುವುದಿಲ್ಲ. ಆದರೆ ನಾಳೆ ಕೋರ್ಟಿನಲ್ಲಿ ಆ ಸೀಲಿನಿಂದಷ್ಟೇ ಕೆಲಸ ಆಗುವುದಿಲ್ಲ. ಸಾಕ್ಷಿ ಹಾಕಿದವರು ಕಟಕಟೆಗೆ ಬರಬೇಕು. ವಿಲ್ಲಿಗೆ ‘ನಿ.ಪಿ. 1’ ಎಂದು ಗುರುತು ಬೀಳುತ್ತದೆ, ಸಹಿಗಳಿಗೆ ‘1(ಎ)’, ‘1(ಬಿ)’ ಎಂದು. ಆಮೇಲೆ ಪ್ರಶ್ನೆಗಳು. ಅವರು ಸಹಿ ಹಾಕಿದ್ದನ್ನು ನೀವು ಕಣ್ಣಾರೆ ನೋಡಿದಿರಾ? ನೀವು ಹಾಕುವಾಗ ಅವರು ಎದುರಿಗೆ ಇದ್ದರಾ? ಅವರಿಗೆ ಪ್ರಜ್ಞೆ, ತಿಳಿವಳಿಕೆ ಸರಿಯಿತ್ತಾ? ಹದಿನೈದು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ಆ ವಯಸ್ಸಾದವರು ನೆನಪಿಸಿಕೊಳ್ಳಬೇಕು. ಪ್ರೊಬೇಟ್ ನಿಂತಿರುವುದೇ ಈ ಉತ್ತರಗಳ ಮೇಲೆ.

ಈ ವಿಷಯದಲ್ಲಿ ವಕೀಲರು ಇಂದಿಗೂ ಮೊದಲು ಎತ್ತುವುದು 1958ರ ಸುಪ್ರೀಂ ಕೋರ್ಟ್ ತೀರ್ಪು, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ. ಅದು ಹೋದದ್ದು ನಮ್ಮ ಮೈಸೂರು ಹೈಕೋರ್ಟಿನಿಂದ. ಅದು ಪ್ರೊಬೇಟ್ ಅರ್ಜಿಯಲ್ಲ, ಸಿವಿಲ್ ದಾವೆ. ಆದರೂ ವಿಲ್ ಸಾಬೀತು ಎಂದರೆ ಏನೆಂದು ಅದರಷ್ಟು ಬಿಡಿಸಿ ಹೇಳಿದ ತೀರ್ಪು ಕಡಿಮೆ. ವಿಲ್ಲಿನಿಂದ ದೊಡ್ಡ ಲಾಭ ಪಡೆಯುವವನೇ ಅದನ್ನು ಬರೆಸಲು ಮುಂದೆ ನಿಂತಿದ್ದರೆ ಅನುಮಾನ ಹುಟ್ಟುತ್ತದೆ, ಆ ಅನುಮಾನ ಹೋಗಲಾಡಿಸುವ ಹೊಣೆ ವಿಲ್ ಮುಂದಿಟ್ಟವರದೇ ಎಂದು ಅದು ಹೇಳಿತು.

ಹಾಗಾದರೆ ಪ್ರೊಬೇಟ್ ಕೈಗೆ ಸಿಕ್ಕಾಗ ಏನು ಸಿಕ್ಕಂತೆ? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಕೋರ್ಟಿನ ಮೊಹರು ಬಿದ್ದ ವಿಲ್ಲಿನ ಪ್ರತಿ, ಜೊತೆಗೆ ಆಸ್ತಿಯ ವ್ಯವಹಾರ ನಡೆಸುವ ಅಧಿಕಾರ. ಅಷ್ಟೇ. ಮನೆ ನಿಜಕ್ಕೂ ತೀರಿಕೊಂಡವರದ್ದೇ ಆಗಿತ್ತೋ ಇಲ್ಲವೋ ಎಂಬುದನ್ನು ಪ್ರೊಬೇಟ್ ಕೋರ್ಟು ನೋಡುವುದಿಲ್ಲ. “ಪ್ರೊಬೇಟ್ ಆಯ್ತು, ಸೈಟು ನಮ್ಮದಾಯ್ತು” ಅನ್ನುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಪಿತ್ರಾರ್ಜಿತ ಆಸ್ತಿಯನ್ನು ಪೂರ್ತಿ ತನ್ನದೆಂದು ಬರೆದ ವಿಲ್ಲಿಗೂ ಪ್ರೊಬೇಟ್ ಸಿಗಬಹುದು. ಪಾಲಿನ ಜಗಳ ಬೇರೆ ದಾವೆಯಲ್ಲಿ ತೀರ್ಮಾನವಾಗಬೇಕು.

ಇನ್ನೊಂದು ಸೂಕ್ಷ್ಮ. ಪ್ರೊಬೇಟ್ ಸಿಗುವುದು ವಿಲ್ಲಿನಂತೆ ಎಲ್ಲ ನಡೆಸಲು ಅದರಲ್ಲೇ ನೇಮಿಸಿದ ಎಕ್ಸಿಕ್ಯೂಟರ್‌ಗೆ ಮಾತ್ರ. ಆ ಹೆಸರೇ ಇಲ್ಲದಿದ್ದರೆ ಕೇಳಬೇಕಾದದ್ದು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ಆಸ್ತಿಯ ವ್ಯವಹಾರ ನಡೆಸಲು ಕೋರ್ಟು ಕೊಡುವ ಅಧಿಕಾರಪತ್ರ, ವಿಲ್ ಲಗತ್ತಿಸಿ. ವಿಲ್ಲೇ ಇಲ್ಲದಿದ್ದರೆ ಪ್ರೊಬೇಟ್ ಎಂಬ ಮಾತೇ ಬರುವುದಿಲ್ಲ. ಡಿಪಾಸಿಟ್ಟು, ಷೇರುಗಳಿಗೆ ಸಕ್ಸೆಷನ್ ಸರ್ಟಿಫಿಕೇಟ್ ಇದೆ. ಪೌತಿ ಖಾತೆಯಂತೂ ಕಂದಾಯದ ದಾಖಲೆ, ಅದಕ್ಕೂ ಪ್ರೊಬೇಟ್‌ಗೂ ನೆಂಟಸ್ತನವಿಲ್ಲ.

ಗೊಂದಲಕ್ಕೆ ಒಂದು ಕಾರಣ ಅಮೆರಿಕದಿಂದ ಬರುವ ಫೋನುಗಳು. ಅಲ್ಲಿ ವಿಲ್ ಇರಲಿ ಬಿಡಲಿ, ಸತ್ತವರ ಆಸ್ತಿ ಹಂಚುವ ಕೋರ್ಟಿನ ಇಡೀ ಕೆಲಸಕ್ಕೇ ಪ್ರೊಬೇಟ್ ಅನ್ನುತ್ತಾರೆ. ಅದನ್ನು ತಪ್ಪಿಸಲೆಂದೇ ಬದುಕಿರುವಾಗಲೇ ಆಸ್ತಿಯನ್ನು ಒಂದು ಟ್ರಸ್ಟಿಗೆ ವಹಿಸಿ ಲಿವಿಂಗ್ ಟ್ರಸ್ಟ್ ಮಾಡಿಡುತ್ತಾರೆ. ಆ ಅರ್ಥದಲ್ಲಿ ಮಗ “ಅಮ್ಮನ ಎಸ್ಟೇಟ್ ಪ್ರೊಬೇಟ್‌ಗೆ ಹಾಕಿ” ಅಂದರೆ ಇಲ್ಲಿ ಎರಡು ಪದಕ್ಕೂ ಅರ್ಥ ಬೇರೆ ಆಗುತ್ತದೆ. ಅಲ್ಲಿ ಎಸ್ಟೇಟ್ ಅಂದರೆ ಸತ್ತವರು ಬಿಟ್ಟುಹೋದ ಒಟ್ಟು ಆಸ್ತಿ. ಚಿಕ್ಕಮಗಳೂರಿನಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟ, ಅಲ್ವಾ?

ಇನ್ನು ಪ್ರೊಬೇಟ್ ‘ಕಡ್ಡಾಯ’ವೇ ಎಂಬ ಮಾತು. ಹಿಂದೂಗಳ ವಿಲ್ಲಿಗೆ ಪ್ರೊಬೇಟ್ ಬೇಕೆಂದ 1870ರ ಹಿಂದೂ ವಿಲ್ಸ್ ಕಾಯ್ದೆ ಬಂದದ್ದು ಬಂಗಾಳದ ಕಡೆಗೆ ಮತ್ತು ಮದ್ರಾಸ್, ಬಾಂಬೆ ಪಟ್ಟಣಗಳಿಗೆ. ಅದೇ ಗೆರೆ 1925ರ ಕಾಯ್ದೆಯಲ್ಲೂ ಉಳಿಯಿತು. ಮೈಸೂರು ಸಂಸ್ಥಾನ ಹೊರಗಿತ್ತು. ಬ್ರಿಟಿಷರ ಬಾಂಬೆ, ಮದ್ರಾಸ್ ಪ್ರಾಂತಗಳೊಳಗಿದ್ದ ಧಾರವಾಡ, ಮಂಗಳೂರು ಕೂಡ ಹೊರಗೇ. ಹಾಗಾಗಿ ಜಯನಗರದ ಮನೆಗೆ ಹಿಂದೂ ಕುಟುಂಬವೊಂದು ಪ್ರೊಬೇಟ್ ತರಲೇಬೇಕೆಂಬ ನಿಯಮ ಇರಲಿಲ್ಲ. ಉಡುಪಿಯಲ್ಲಿ ಕೂತು ಬರೆದ ವಿಲ್ಲಿನಲ್ಲಿ ಮುಂಬೈಯ ಮಾಟುಂಗದ ಫ್ಲಾಟ್ ಇದ್ದರೆ ಮಾತ್ರ ಆ ಫ್ಲಾಟಿನ ಮಟ್ಟಿಗೆ ಬೇಕಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಡ್ಡಾಯದ 213ನೇ ಕಲಮನ್ನೇ ತೆಗೆದುಹಾಕಿತು. ಪ್ರೊಬೇಟ್ ರದ್ದಾಯಿತು ಎಂದು ಇದಕ್ಕೆ ಅರ್ಥವಲ್ಲ. ಜಗಳದ ವಾಸನೆ ಇರುವ ಕಡೆ ಅದು ಈಗಲೂ ಒಳ್ಳೆಯ ರಕ್ಷೆ.

ಲಾಯರ್ ಹತ್ತಿರ ಹೋಗುವಾಗ “ಪ್ರೊಬೇಟ್ ಮಾಡಿಸಿಕೊಡಿ” ಎಂದು ಶುರುಮಾಡಬೇಡಿ. ವಿಲ್ ಇದೆಯೇ, ಎಕ್ಸಿಕ್ಯೂಟರ್ ಯಾರು, ಸಾಕ್ಷಿಗಳು ಬದುಕಿದ್ದಾರೆಯೇ, ಆಸ್ತಿ ಎಲ್ಲೆಲ್ಲಿದೆ, ಯಾರು ತಕರಾರು ಮಾಡಬಹುದು ಎಂದು ಹೇಳಿ. ಯಾವ ಅರ್ಜಿ ಎಂದು ಅವರು ಹೇಳಲಿ. ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಇಂಥ ಅರ್ಜಿಗೆ ‘ಪಿ ಅಂಡ್ ಎಸ್‌ಸಿ’ (ಪ್ರೊಬೇಟ್ ಅಂಡ್ ಸಕ್ಸೆಷನ್ ಸರ್ಟಿಫಿಕೇಟ್) ನಂಬರ್ ಬೀಳುತ್ತದೆ. ಎಷ್ಟು ಪಿ ಅಂಡ್ ಎಸ್‌ಸಿ ನಡೆಸಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಯಾರಾದರೂ ತಕರಾರು ಹಾಕಿದರೆ ಅರ್ಜಿ ದಾವೆಯ ರೂಪ ಪಡೆಯುತ್ತದೆ, ಆಗ ಫೀಸು ಎಷ್ಟು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. “ಆಸ್ತಿ ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಡಿ” ಅಂದರೆ ಎದ್ದು ಬನ್ನಿ. ಬಾರ್ ಕೌನ್ಸಿಲ್ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ತಂಗಿಗೆ ನಾನು ಹೇಳಿದ್ದು ಇಷ್ಟು: “ಈಗ ಪ್ರೊಬೇಟ್ ಬೇಡಮ್ಮ. ಚಿಕ್ಕಪ್ಪನಿಗಿಂತ ವಯಸ್ಸಿನಲ್ಲಿ ಚಿಕ್ಕವರಾದ ಇಬ್ಬರು ಸಾಕ್ಷಿ ಹುಡುಕು. ವಿಲ್ಲಿನಲ್ಲಿ ಪಾಲು ಇರುವವರು ಬೇಡ. ಎಕ್ಸಿಕ್ಯೂಟರ್ ಹೆಸರು ಬರೆಸು. ಬರೆಸುವಾಗ ನೀನು ಆ ಕೋಣೆಯಲ್ಲಿ ಇರಬೇಡ.”