ಸಿಂದಗಿಯಿಂದ ಬಂದ ಪತಂಗದ ಫೋಟೊ

ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ದಿನಗಳಲ್ಲಿ ಸಿಂದಗಿಯ ಸೋದರಮಾವನಿಂದ ನನ್ನ ಮೊಬೈಲಿಗೆ ರಾತ್ರಿ ಫೋಟೊ ಬರುತ್ತದೆ. ಹೊಲದ ಮನೆಯ ಬಲ್ಬಿನ ಕೆಳಗೆ, ಸುಣ್ಣದ ಗೋಡೆಗೆ ಅಂಟಿ ಕೂತ ಕಂದು ಪತಂಗ. ಜೊತೆಗೆ ಒಂದೇ ಸಾಲು: ‘ಇದು ಕಾಯಿಕೊರಕದ್ದು ಹೌದೋ ಅಲ್ಲವೋ ಹೇಳು.’

ಕಾಯಿಕೊರಕ ಅಂದರೆ ಕಾಯಿ ಕೊರೆದು ತಿನ್ನುವ ಹುಳು, ಶಾಸ್ತ್ರದ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ಅದರ ಪತಂಗ ಸಾಮಾನ್ಯವಾಗಿ ಗಂಡಾದರೆ ಹಸಿರು ಬೆರೆತ ಬೂದು, ಹೆಣ್ಣಾದರೆ ಕೆಂಪು ಬೆರೆತ ಕಂದು. ಮಾಮಾನ ಹಳದಿ ಬಲ್ಬಿನ ಕೆಳಗೆ ಎರಡೂ ಬೆಲ್ಲದ ಬಣ್ಣ. ರೆಕ್ಕೆಯ ಬಣ್ಣವಿರುವುದು ಹುಡಿಯಂಥ ಹುರುಪೆಗಳಲ್ಲಿ. ನಾಲ್ಕು ರಾತ್ರಿ ಹಾರಾಡಿದ ಪತಂಗದಲ್ಲಿ ಅವು ಉದುರಿ, ಗುರುತುಗಳೂ ಮಾಸಿರುತ್ತವೆ. ಹಿಂದಿನ ರೆಕ್ಕೆ ಕಂಡರೆ ಒಂದಿಷ್ಟು ಧೈರ್ಯ ಬರುತ್ತದೆ: ಮಾಸಲು ಬಿಳುಪು, ಅಂಚಿಗೆ ಅಗಲವಾದ ಕಪ್ಪು ಪಟ್ಟಿ. ಆದರೆ ಕೂತ ಪತಂಗ ಮುಚ್ಚಿಡುವುದು ಅದನ್ನೇ.

ಇದಕ್ಕೊಂದು ಸೋದರ ಜಾತಿಯಿದೆ, ಹೆಲಿಕೋವರ್ಪಾ ಅಸಲ್ಟಾ. ಮೈ ತುಸು ಹೆಚ್ಚು ಹಳದಿ, ಉಳಿದಂತೆ ಅದೇ ಅಚ್ಚು. ಊಟ ಮಾತ್ರ ಬೇರೆ. ಆರ್ಮಿಜೆರಾದ ಹುಳು ತೊಗರಿ, ಕಡಲೆ, ಹತ್ತಿ, ಟೊಮೆಟೊ ಯಾವುದನ್ನೂ ಬಿಡದು. ಅಸಲ್ಟಾದ್ದು ತಂಬಾಕು, ಮೆಣಸಿನಕಾಯಿಯಂಥ ಬದನೆ ಕುಟುಂಬದ ಗಿಡಗಳಿಗೇ ಹೆಚ್ಚಾಗಿ ಕಟ್ಟುಬಿದ್ದಿದೆ. ಇದೇ ಫೋಟೊ ನಿಪ್ಪಾಣಿಯ ತಂಬಾಕಿನ ಹೊಲದಿಂದ ಬಂದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

ಪತಂಗಗಳಿಗೆ ಈ ಗೊಂದಲವಿಲ್ಲ. ಕತ್ತಲಲ್ಲಿ ಅವು ಬಣ್ಣ ನೋಡಿ ಜೋಡಿ ಹುಡುಕುವುದಿಲ್ಲ. ಎರಡೂ ಜಾತಿಯ ಹೆಣ್ಣುಗಳು ಗಂಡನ್ನು ಕರೆಯಲು ಬಳಸುವ ಮುಖ್ಯ ವಾಸನೆಗಳು ಅವೇ ಎರಡು, ಅಳತೆ ಮಾತ್ರ ತಲೆಕೆಳಗು. ಆರ್ಮಿಜೆರಾದ ಮಿಶ್ರಣದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲಿರುವ ವಸ್ತು ಅಸಲ್ಟಾದಲ್ಲಿ ಒಗ್ಗರಣೆಯಷ್ಟು. ಈ ಹದವನ್ನು ಗಂಡು ತನ್ನ ಮೀಸೆಗಳಿಂದಲೇ ಹಿಡಿಯುತ್ತದೆ. ಗಂಡು ಪತಂಗ ಹಿಡಿಯಲು ಹೊಲದಲ್ಲಿ ಕಟ್ಟುವ ಮೋಹಕ ಬಲೆ ನಡೆಯುವುದೂ ಈ ವಾಸನೆಯ ನಕಲಿನ ಮೇಲೆ. ನನ್ನ ಕಣ್ಣಿಗಿಂತ ಆ ಬಲೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಬಲ್ಲವರೂ ನೋಟವನ್ನಷ್ಟೇ ನಂಬುವುದಿಲ್ಲ. 2013ರಲ್ಲಿ ಆರ್ಮಿಜೆರಾ ಬ್ರೆಜಿಲ್‌ನಲ್ಲಿರುವುದು ವರದಿಯಾಯಿತು. ಅಲ್ಲಿ ಮೊದಲೇ ಇದ್ದ ಹೆಲಿಕೋವರ್ಪಾ ಝಿಯಾ ಹೊರನೋಟಕ್ಕೆ ಇದರ ಪಡಿಯಚ್ಚು. ಬೇರ್ಪಡಿಸಲು ಜನನಾಂಗ ಬಿಡಿಸಿ ನೋಡಬೇಕು, ಇಲ್ಲವೇ ಡಿಎನ್ಎ ಓದಬೇಕು.

ಮಾಮಾನಿಗೆ ಬರೆದೆ: ‘ಕಾಯಿಕೊರಕದ್ದೇ ಇರಬಹುದು. ಬೆಳಿಗ್ಗೆ ಗಿಡದ ಕೆಳಗೆ ಬಟ್ಟೆ ಹಾಸಿ ಅಲುಗಾಡಿಸಿ, ಉದುರಿದ ಕೀಡಿಯ ಫೋಟೊ ಕಳಿಸಿರಿ.’

‘ಅದನ್ನು ಸಂಜೆಯೇ ಮಾಡಿದ್ದೇನೆ,’ ಎಂದು ಉತ್ತರ ಬಂತು. ‘ಕೋಳಿಗಳು ತಿಂದು ಮುಗಿಸಿದವು.’